ಕಮಲಾಕ್ಷ ಸುವರ್ಣನ ಅಮಾನತು ಪ್ರಕರಣ

ಕುವೈತಿನಲ್ಲಿ ಆರು ವರ್ಷ ಇದ್ದು ಕಮಲಾಕ್ಷ ಸುವರ್ಣ ಕಲಿತ ಅರಬ್ಬಿ ಶಬ್ದಗಳು ಒಟ್ಟು ಹದಿನಾಲ್ಕು. ಅವುಗಳಲ್ಲಿ ಐದು ಬೈಗುಳ. ಅವನ್ನು ಅವನು ಬಳಸುವವನಲ್ಲ. ಯಾರಾದರೂ ತನ್ನ ಮೇಲೆ ಬಳಸಿದರೆ ತಿಳಿಯಲಿ ಎಂದು ಇಟ್ಟುಕೊಂಡದ್ದು. ಉಳಿದ ಒಂಬತ್ತರಲ್ಲಿ ನಡೆ ಎನ್ನಲು ಯಲ್ಲಾ, ಮುಗಿಯಿತು ಎನ್ನಲು ಖಲಾಸ್ ಮುಂತಾದವು ಸೇರಿ ಆಫೀಸಿನ ಕೆಲಸ ಸುಸೂತ್ರವಾಗಿ ನಡೆಯುತ್ತಿತ್ತು. ಅವನನ್ನು ಸಂಕಟಕ್ಕೆ ಸಿಕ್ಕಿಸಿದ್ದು ಗೊತ್ತಿಲ್ಲದ ಅರಬ್ಬಿ ಶಬ್ದ ಅಲ್ಲ. ಊರಿನಲ್ಲೇ ಚೆನ್ನಾಗಿ ಗೊತ್ತಿದ್ದ ಶಬ್ದ.

ಅವನ ಆಫೀಸು ಇದ್ದದ್ದು ಗ್ಯಾರೇಜು, ಗೋಡೌನುಗಳ ಬಡಾವಣೆಯಾದ ರಾಯ್‌ನಲ್ಲಿ. ಯಜಮಾನರಾದ ಅಬು ಮಿಶಾರಿಯವರಿಗೆ ಅಲ್ಲಿ ಕಾರುಗಳ ಬಿಡಿಭಾಗದ ಅಂಗಡಿ, ಹಿಂದೆ ಒಂದು ವರ್ಕ್‌ಶಾಪು. ಕಮಲಾಕ್ಷ ಅಲ್ಲಿ ಟೈಪಿಸ್ಟ್. ಯಜಮಾನರಿಗೆ ಮಕ್ಕಳು ಆರು ಮಂದಿ, ಆದರೆ ಮುದ್ದು ಮಾತ್ರ ಏಳನೆಯದರ ಮೇಲೆ. ಅದು ಜರ್ಮನಿಯಿಂದ ತರಿಸಿದ ಎರಡು ಬಾಗಿಲಿನ ಹಳದಿ ಸ್ಪೋರ್ಟ್ಸ್ ಕಾರು. ನೆಲದಿಂದ ಎಷ್ಟು ತಗ್ಗಿನಲ್ಲಿತ್ತೆಂದರೆ, ಅದರೊಳಗೆ ಕೂತ ಯಜಮಾನರು ಹೊರಗೆ ಬರಬೇಕಾದರೆ ಇಬ್ಬರು ಕೈ ಹಿಡಿದು ಎಳೆಯಬೇಕು. ಎಳೆಯುವ ಇಬ್ಬರಲ್ಲಿ ಕಮಲಾಕ್ಷನೂ ಒಬ್ಬ. ಅದಕ್ಕಿಂತ ಹೆಚ್ಚಿನ ಸಂಬಂಧ ಅವನಿಗೂ ಆ ಕಾರಿಗೂ ಇರಲಿಲ್ಲ.

ಇರಬೇಕೆಂದು ಅನಿಸಿದ್ದೇ ತಪ್ಪಾಯಿತು. ತೊಂಬತ್ತನೇ ಇಸವಿಯ ಮಾರ್ಚಿನಲ್ಲಿ ಒಂದು ಶುಕ್ರವಾರ, ಅಬು ಹಲೀಫಾ ಎಂಬಲ್ಲಿ ಅವನು ವಾಸವಿದ್ದ ಕಟ್ಟಡದಲ್ಲಿ ಪಕ್ಕದ ಮನೆಯವನಾದ ಲ್ಯಾನ್ಸಿ ಹೊಸ ಕ್ಯಾಮೆರಾ ಹಿಡಿದುಕೊಂಡು ರಾಯ್‌ಗೆ ಬಂದಿದ್ದ. ಯಜಮಾನರು ಮಸೀದಿಗೆ ಹೋಗಿದ್ದರು. ಕಮಲಾಕ್ಷ ಲ್ಯಾನ್ಸಿಯ ಕಪ್ಪು ಕನ್ನಡಕ ಹಾಕಿಕೊಂಡು, ಕಾರಿಗೆ ಒರಗಿ, ಈ ಕಾರಿನಿಂದ ತನಗೆ ಸಾಕಾಗಿ ಹೋಗಿದೆ ಎಂಬಂಥ ಮುಖ ಮಾಡಿ ಫೋಟೋ ತೆಗೆಸಿಕೊಂಡ. ಒರಗಿದವನ ಸೊಂಟದಲ್ಲಿ ಕೀಗೊಂಚಲು ತೂಗುತ್ತಿತ್ತು. ಎದ್ದಾಗ ನೋಡಿದರೆ ಬಾಗಿಲಿನ ಮೇಲೆ ಕಿರುಬೆರಳಷ್ಟು ಉದ್ದದ ಗೀರು. ಲ್ಯಾನ್ಸಿ ನೋಡಲಿಲ್ಲ, ಯಜಮಾನರೂ ನೋಡಿದ ಹಾಗೆ ಕಾಣಲಿಲ್ಲ. ಕಮಲಾಕ್ಷನೊಬ್ಬನೇ ದಿನಾ ನೋಡಿದ.

ಫೋಟೋ ಊರಿಗೆ, ಕಟಪಾಡಿಗೆ, ತಲುಪಿತು. ಅಲ್ಲಿ ಅವನ ಹೆಂಡತಿಯ ತಮ್ಮ ಲತೀಶ ಅದಕ್ಕೆ ಕಟ್ಟು ಹಾಕಿಸಿ ತನ್ನ ಸೋಡಾ ಅಂಗಡಿಯಲ್ಲಿ ತೂಗುಹಾಕಿ, 'ನಮ್ಮ ಭಾವನ ಕಾರು' ಎಂದು ಬಂದವರಿಗೆಲ್ಲ ಹೇಳತೊಡಗಿದ. ಅಲ್ಲವೆಂದು ಬರೆಯಲು ಕಮಲಾಕ್ಷ ಮೂರು ಸಲ ಕಾಗದ ತೆಗೆದ. ಮೂರು ಸಲವೂ ಮಳೆಬೆಳೆಯ ವಿಚಾರ ಕೇಳಿ ಮುಗಿಸಿದ.

ಆಗಸ್ಟ್ ಎರಡರಂದು ಇರಾಕಿನ ಸೈನ್ಯ ಕುವೈತಿಗೆ ಬಂತು. ಆ ಬಗ್ಗೆ ಪೇಪರುಗಳಲ್ಲಿ ಸಾಕಷ್ಟು ಬಂದಿದೆ. ನಮ್ಮ ಕಥೆಗೆ ಬೇಕಾದದ್ದು ಆಗಸ್ಟ್ ಐದು.

ಆ ಬೆಳಿಗ್ಗೆ ಯಜಮಾನರು ಹಳದಿ ಕಾರನ್ನು ತಾವೇ ಓಡಿಸಿಕೊಂಡು ಅಬು ಹಲೀಫಾಕ್ಕೆ ಬಂದರು. ಹಿಂದಿನ ಜೀಪಿನಲ್ಲಿ ಹೆಂಡತಿ, ಮಕ್ಕಳು, ಮುದಿ ತಾಯಿ, ಹನ್ನೊಂದು ಗಂಟುಗಳು. ಮರಳುಗಾಡು ದಾಟಿ ಸೌದಿಗೆ ಹೊರಟಿದ್ದರು. ಕಾರನ್ನು ಕಟ್ಟಡದ ಕೆಳಗಿನ ಸರ್ದಾಬಿಗೆ, ಅಂದರೆ ನೆಲಮಾಳಿಗೆಗೆ, ಇಳಿಸಿ ನೀರಿನ ಟ್ಯಾಂಕಿನ ಹಿಂದೆ ನಿಲ್ಲಿಸಿದರು. ಕಮಲಾಕ್ಷ ಒಬ್ಬನೇ ಎಳೆದು ಅವರನ್ನು ಹೊರತೆಗೆದ. ಅವರು ಕೀಯನ್ನು ಅವನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಒಂದು ಕೈಯನ್ನು ಕಾರಿನ ಬಾಗಿಲಿನ ಮೇಲೆ, ಸರಿಯಾಗಿ ಆ ಗೀರಿನ ಮೇಲೆಯೇ, ಇಟ್ಟರು. ಇನ್ನೊಂದನ್ನು ಅವನ ಎದೆಯ ಮೇಲಿಟ್ಟರು.

"ಕಮಾಲ್," ಎಂದರು, "ಸಯ್ಯಾರಾ, ಅಮಾನತೀ ಇಂದಕ್. ಇನ್ತಾ ಅಮೀನ್. ಬಾದೇನ್ ನಶೂಫ್."

ಅರಬ್ಬಿಯಲ್ಲಿ ಅಮಾನತ್ ಎಂದರೆ ನಂಬಿಕೆಯ ಮೇಲೆ ಒಬ್ಬರ ಕೈಗೆ ಒಪ್ಪಿಸಿದ ಸೊತ್ತು. ಅಮೀನ್ ಎಂದರೆ ಅಂಥ ನಂಬಿಕೆಗೆ ಯೋಗ್ಯನಾದ ಮನುಷ್ಯ. 'ಈ ಕಾರು ನಿನ್ನ ಹತ್ತಿರ ನನ್ನ ಅಮಾನತ್ತು, ನೀನು ಪ್ರಾಮಾಣಿಕ, ಮುಂದೆ ನೋಡೋಣ' ಎಂದು ಯಜಮಾನರು ಗದ್ಗದಿಸಿ ಹೇಳಿದ್ದು.

ಆದರೆ ಕಮಲಾಕ್ಷ ಕುವೈತಿಗೆ ಬರುವ ಮೊದಲು ಹನ್ನೊಂದು ವರ್ಷ ಊರಿನ ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದ. ಅಲ್ಲಿ ಅಮಾನತು ಎಂಬುದಕ್ಕೆ ಒಂದೇ ಅರ್ಥ. ಸಂಘದ ಸುಕುಮಾರ ಗೋಡೌನಿಗೆ ಬೀಗ ಹಾಕಲು ಮರೆತಾಗ ಅವನ ಅಮಾನತು ಆದೇಶವನ್ನು ಮೂರು ಪ್ರತಿ ಟೈಪು ಮಾಡಿದ್ದು ಇದೇ ಕಮಲಾಕ್ಷ. ಆಮೇಲೆ ಮದುವೆ ಮನೆಗಳಲ್ಲಿ ಸುಕುಮಾರ ಕೂತ ಬೆಂಚಿನಿಂದ ಜನ ಎದ್ದು ಹೋಗುವುದನ್ನು ಕಂಡವನೂ ಇವನೇ. ಈಗ ಯಜಮಾನರು ಗೀರು ಮುಟ್ಟಿ ತೋರಿಸಿದ್ದಾರೆ, ತನ್ನ ಎದೆ ಮುಟ್ಟಿದ್ದಾರೆ, ಅಮಾನತು ಎಂದಿದ್ದಾರೆ, 'ಬಾದೇನ್' ಅಂದರೆ ಆಮೇಲೆ, 'ಶೂಫ್' ಅಂದರೆ ನೋಡು ಎಂಬುದು ಅವನ ಹದಿನಾಲ್ಕರಲ್ಲಿಯೇ ಇತ್ತು. ಆಮೇಲೆ ವಿಚಾರಣೆ! ಇನ್ನು ಸಂಶಯಕ್ಕೆ ಎಡೆಯೆಲ್ಲಿ?

"ನೋ ಸಾರ್, ಅಮೀನ್ ಅಲ್ಲ, ಸುವರ್ಣ," ಎಂದಷ್ಟೇ ಅವನಿಂದ ಹೇಳಲಾಯಿತು. ಊರಿನಲ್ಲಿ ಅಮೀನ್ ಎಂಬುದೊಂದು ಕುಲನಾಮ; ಅಮೀನರು ಬೇರೆ, ಸುವರ್ಣರು ಬೇರೆ. ಆದೇಶದಲ್ಲಿ ಹೆಸರು ತಪ್ಪಬಾರದಲ್ಲ.

ಯಜಮಾನರು ಅವನ ಎರಡೂ ಕೆನ್ನೆಗೆ ಮುತ್ತಿಟ್ಟು ಜೀಪು ಹತ್ತಿದರು. ಅಮಾನತು ಮಾಡುವಾಗ ಮುತ್ತು ಕೊಡುವ ಪದ್ಧತಿ ಸಹಕಾರಿ ಇಲಾಖೆಯಲ್ಲಿ ಇರಲಿಲ್ಲ. ದೇಶ ದೇಶಕ್ಕೆ ಕ್ರಮ ಬೇರೆ ಎಂದುಕೊಂಡು ಕಮಲಾಕ್ಷ ಕೆನ್ನೆ ಒರಸಿಕೊಂಡ.

ಮನೆಯಲ್ಲಿ ಹೆಂಡತಿ ಪುಷ್ಪಾವತಿಗೆ ಹೇಳುವ ಧೈರ್ಯ ಬರಲಿಲ್ಲ. ಹನ್ನೊಂದು ವರ್ಷ ಅಲ್ಲಿ, ಆರು ವರ್ಷ ಇಲ್ಲಿ, ಒಟ್ಟು ಹದಿನೇಳು ವರ್ಷದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದ ಮನುಷ್ಯ ಅವನು. ಆ ಹೆಸರು ಹೋದರೆ ತನ್ನಲ್ಲಿ ಉಳಿಯುವುದು ಕೀಗೊಂಚಲು ಮಾತ್ರ ಎಂದು ಅವನಿಗೆ ಗೊತ್ತಿತ್ತು. ಹೆಸರು ಉಳಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ವಿಚಾರಣೆಯ ದಿನ ಕಾರು, ಗೀರೊಂದನ್ನು ಬಿಟ್ಟು, ಕೊಟ್ಟ ಹಾಗೆಯೇ ಇರಬೇಕು. ಅದು ಕೇಸಿನ ಮುದ್ದೆಮಾಲು.

ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಕೈಪಿಡಿ ಸಿಕ್ಕಿತು. ಅದರಲ್ಲಿ ಕಾರನ್ನು ಬಹುಕಾಲ ಓಡಿಸದೆ ಇಡುವುದು ಹೇಗೆ ಎಂಬುದಕ್ಕೆ ಒಂದೇ ಅಧ್ಯಾಯ: 'ಚಳಿಗಾಲದ ದಾಸ್ತಾನು'. ಹೊರಗೆ ಆಗ ನಲವತ್ತೆಂಟು ಡಿಗ್ರಿ. ಅಧ್ಯಾಯ ಅನ್ವಯಿಸುತ್ತದೋ ಇಲ್ಲವೋ ಎಂದು ಕಮಲಾಕ್ಷ ಒಂದು ದಿನವಿಡೀ ಯೋಚಿಸಿದ. ಕೊನೆಗೆ ಆಫೀಸಿನಿಂದ ಮನೆಗೆ ತಂದಿಟ್ಟಿದ್ದ ಟೈಪ್‌ರೈಟರಿನಲ್ಲಿ 'ಪ್ರಸಕ್ತ ಆಗಸ್ಟ್ ತಿಂಗಳನ್ನು ಚಳಿಗಾಲವೆಂದು ಪರಿಗಣಿಸಲಾಗಿದೆ' ಎಂದು ಒಂದು ಟಿಪ್ಪಣಿ ಹೊಡೆದು, ಕೆಳಗೆ ತಾನೇ ಸಹಿ ಹಾಕಿ, ಫೈಲಿಗೆ ಸೇರಿಸಿದ. ಎಲ್ಲ ಕೆಲಸವನ್ನೂ ಮೊದಲ ಹಿಮ ಬೀಳುವ ಮುಂಚೆ ಮುಗಿಸಬೇಕು ಎಂದು ಕೈಪಿಡಿಯಲ್ಲಿತ್ತು. ಆ ಷರತ್ತನ್ನು ಅವನು ನಿರಾಯಾಸವಾಗಿ ಪೂರೈಸಿದ.

ಕೆಲಸಕ್ಕೆ ಜನ ಬೇಕಲ್ಲ. ಮೂರನೇ ಮಹಡಿಯ ಬಾವಾಕುಂಞಿ ಹತ್ತಿರದ ಫಹಾಹೀಲ್ ಪೇಟೆಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಅವನು ಜಾಕಿ ತಂದು, ಕಾರನ್ನು ಎತ್ತಿ, ನಾಲ್ಕು ಸಿಮೆಂಟ್ ಬ್ಲಾಕಿನ ಮೇಲೆ ಕೂರಿಸಿ, ಚಕ್ರಗಳನ್ನು ಕಳಚಿದ. ಬ್ಯಾಟರಿ ತೆಗೆದ. ಆಯಿಲ್ ಬದಲಿಸಿದ. ಸೀಟಿನ ಕೆಳಗೆ ನುಸಿಗುಳಿಗೆ ಇಟ್ಟರು. ಇಲಿ ಹೋಗದ ಹಾಗೆ ಎಣ್ಣೆ ಬಟ್ಟೆಯಿಂದ ಸೈಲೆನ್ಸರ್ ಬಾಯಿ ಮುಚ್ಚಬೇಕೆಂದು ಕೈಪಿಡಿ ಹೇಳಿತ್ತು. ಕಮಲಾಕ್ಷ ತನ್ನದೊಂದು ಹಳೇ ಬನಿಯನ್ ಎಣ್ಣೆಯಲ್ಲಿ ಅದ್ದಿ ತುರುಕಿದ. ಮೇಲೆ ಹೊದಿಸಲು ಪುಷ್ಪಾವತಿಯ ನವಿಲಿನ ಬೆಡ್‌ಶೀಟು ಬಂತು.

"ಮತ್ತೆ ಕಮಲಾಕ್ಷಣ್ಣ, ಜಾಗ್ರತೆ ಬೇಕು," ಎಂದ ಬಾವಾಕುಂಞಿ ಕೈ ಒರಸುತ್ತ. "ಇದು ಅಮಾನತ್ತು ಅಲ್ಲವಾ?"

ಕಮಲಾಕ್ಷ ಹಿಡಿದಿದ್ದ ಬೆಡ್‌ಶೀಟಿನ ಅಂಚು ಬಿಟ್ಟುಬಿಟ್ಟ. "ನಿಮ್ಗೆ ಯಾರು ಹೇಳಿದ್ದು ಬಾವಾಕಾ?"

"ಯಾರು ಹೇಳುದೆಂತ? ಎಲ್ಲರಿಗೂ ಗೊತ್ತುಂಟು. ಇಡೀ ಫಹಾಹೀಲಿಗೆ ಗೊತ್ತುಂಟು."

"ಇಡೀ ಫಹಾಹೀಲಿಗಾ?"

"ಹೌದು ಮಾರಾಯ್ರೆ. ನಿಮ್ಮ ಯಜಮಾನ್ರು ಅಷ್ಟು ಜನರಲ್ಲಿ ನಿಮ್ಮನ್ನೇ ಆರಿಸಿದ್ದಲ್ಲವಾ. ಅದು ದೊಡ್ಡ ಮರ್ಯಾದೆ. ನಂಗೆ ಯಾರಾದ್ರೂ ಕೊಡ್ತಿದ್ರೆ ನಾನು ಊರಿಗೇ ಕಾಗದ ಬರಿತಿದ್ದೆ."

ಇಷ್ಟು ವರ್ಷ ಪರಿಚಯದ ಮನುಷ್ಯ ಈ ರೀತಿ ಕುಹಕ ಆಡಿಯಾನು ಎಂದು ಕಮಲಾಕ್ಷ ಎಣಿಸಿರಲಿಲ್ಲ. ಅವನು ಎರಡು ಚಕ್ರ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಆ ನಂತರ ಬಾವಾಕುಂಞಿಯ ಜೊತೆ ಅವನು ಸ್ಕ್ರೂ, ಬೋಲ್ಟು ಬಿಟ್ಟು ಬೇರೆ ವಿಷಯ ಆಡಲಿಲ್ಲ.

ಚಕ್ರಗಳು ಮನೆಯ ಹಾಲಿನಲ್ಲಿ ನೆಲೆಸಿದವು. ಬ್ಯಾಟರಿ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬಿಯ ಪಕ್ಕ, ಮರದ ಮಣೆಯ ಮೇಲೆ ಕೂತಿತು. ಮಣೆ ಹಾಕಬೇಕೆಂದೂ ಕೈಪಿಡಿಯಲ್ಲಿತ್ತು.

"ನಂಟರು ಬಂದ್ರೆ ಕೂರ್ಲಿಕ್ಕೆ ಮಣೆ ಇಲ್ಲ," ಎಂದಳು ಪುಷ್ಪಾವತಿ. "ಇದಕ್ಕೆ ಮಣೆ ಉಂಟು."

"ನಂಟರು ಬರುವ ಕಾಲವಾ ಇದು?"

"ಹೋಗುವ ಕಾಲ. ಎಲ್ಲರೂ ಹೋಗ್ತಾ ಇದ್ದಾರೆ. ನಾವು ಯಾವಾಗ ಹೋಗುದು?"

ಅದು ನಿಜವಾಗಿತ್ತು. ಊರಿನವರು ಬಸ್ಸು ಬಸ್ಸಾಗಿ ಬಾಗ್ದಾದಿನ ಮೇಲೆ ಅಮ್ಮಾನಿಗೆ, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ ಹೊರಟಿದ್ದರು. ಸೆಪ್ಟೆಂಬರಿನಲ್ಲಿ ಲ್ಯಾನ್ಸಿ ಮತ್ತು ಅವನ ಹೆಂಡತಿ ಕ್ಲಾರಾ ಊರಿಗೆ ಹೊರಡುವವರ ಪಟ್ಟಿಯಲ್ಲಿ ಹೆಸರು ಬರೆಸಿ ಬಂದರು. ಕಮಲಾಕ್ಷ, ಪುಷ್ಪಾವತಿ ಇಬ್ಬರ ಹೆಸರನ್ನೂ ಬರೆಸಿದ್ದರು.

"ನಾಡಿದ್ದು ಬಸ್ಸು," ಎಂದ ಲ್ಯಾನ್ಸಿ. "ಒಂದು ಬ್ಯಾಗು ಸಾಕು. ಹೊರಡುವಾ."

"ನಂಗೆ ಬರ್ಲಿಕ್ಕೆ ಆಗುದಿಲ್ಲ."

"ಎಂತಕ್ಕೆ ಆಗುದಿಲ್ಲ?"

ಕಮಲಾಕ್ಷ ಇಲಾಖೆಯ ನಿಯಮಗಳನ್ನು ಬಾಯಿಪಾಠ ಬಲ್ಲವನು. ಅಮಾನತಿನಲ್ಲಿರುವ ನೌಕರ ಲಿಖಿತ ಅನುಮತಿಯಿಲ್ಲದೆ ಕೇಂದ್ರಸ್ಥಾನ ಬಿಡತಕ್ಕದ್ದಲ್ಲ. ಸುಕುಮಾರ ಅನುಮತಿ ಕೇಳದೆ ಬೊಂಬಾಯಿಯ ಅತ್ತೆಮನೆಗೆ ಹೋದ. ಓಡಿಹೋದವನು ತಪ್ಪಿತಸ್ಥನೇ ಎಂದು ವಿಚಾರಣೆ ಐದು ನಿಮಿಷದಲ್ಲಿ ಮುಗಿಯಿತು. ಆದರೆ ಇದನ್ನು ಲ್ಯಾನ್ಸಿಗೆ ಬಿಡಿಸಿ ಹೇಳುವುದು ಹೇಗೆ?

"ಹೆಡ್‌ಕ್ವಾರ್ಟರ್ಸ್ ಬಿಡ್ಲಿಕ್ಕೆ ಇಲ್ಲ," ಎಂದ ತಗ್ಗಿದ ದನಿಯಲ್ಲಿ.

ಲ್ಯಾನ್ಸಿ ಕ್ಲಾರಾಳ ಮುಖ ನೋಡಿದ. ಕ್ಲಾರಾ ಎದ್ದು ಕಿಟಕಿ ಮುಚ್ಚಿದಳು.

"ಯಾವ ಹೆಡ್‌ಕ್ವಾರ್ಟರ್ಸ್?" ಎಂದು ಲ್ಯಾನ್ಸಿ ಪಿಸುಗುಟ್ಟಿದ.

"ಅದೆಲ್ಲ ಹೇಳ್ಲಿಕ್ಕೆ ಆಗುದಿಲ್ಲ. ಆರ್ಡರ್ ಉಂಟು."

"ಲಿಖಿತವಾ?"

"ಬಾಯಲ್ಲಿ."

ಲ್ಯಾನ್ಸಿ ಅರ್ಥವಾಯಿತೆಂಬಂತೆ ತಲೆಯಾಡಿಸಿದ. ಅಂಥ ಆದೇಶಗಳನ್ನು ಬರೆದು ಕೊಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಸಂಜೆಯೊಳಗೆ ಕಟ್ಟಡವಿಡೀ ಗೊತ್ತಾಯಿತು: ಕಮಲಾಕ್ಷ ಟೈಪಿಸ್ಟ್ ಅಲ್ಲವೇ ಅಲ್ಲ, ದಿಲ್ಲಿಯ ಕಡೆಯ ಮನುಷ್ಯ, ಆರು ವರ್ಷದಿಂದ ಇಲ್ಲಿದ್ದೂ ಅರಬ್ಬಿ ಬರುವುದಿಲ್ಲ ಎಂದು ನಟಿಸುತ್ತಿರುವುದೇ ಅದಕ್ಕೆ ಸಾಕ್ಷಿ. ಮೆಟ್ಟಿಲಲ್ಲಿ ಅವನು ಎದುರಾದರೆ ಜನ ಬದಿಗೆ ಸರಿದು ನಿಲ್ಲತೊಡಗಿದರು. ಅಮಾನತಿನವನ ಮೈ ತಾಗಬಾರದೆಂದು ಸರಿಯುತ್ತಾರೆ ಎಂದು ಕಮಲಾಕ್ಷ ತಲೆ ತಗ್ಗಿಸಿ ಇಳಿದು ಹೋಗುತ್ತಿದ್ದ.

ಹೊರಡುವವರೆಲ್ಲ ಈ ದಿಲ್ಲಿಯ ಮನುಷ್ಯನ ಮನೆಯೇ ಭದ್ರವೆಂದು ತಮ್ಮ ಸಾಮಾನು ತಂದು ಒಪ್ಪಿಸಿದರು. ಮೂರು ಟಿವಿ, ಐದು ಮಿಕ್ಸಿ, ಒಂದು ಹೊಲಿಗೆಯಂತ್ರ, ನಾಲ್ಕು ಮನೆಗಳ ಬೀಗದ ಕೈ. ಕ್ಲಾರಾ ತಮ್ಮ ಮನೆಯ ಪ್ರಾರ್ಥನೆಯ ಆಲ್ಟರಿನ ಮೇಲಿದ್ದ ಮೇರಿಯಮ್ಮನ ಪ್ರತಿಮೆಯನ್ನು ಟವೆಲಿನಲ್ಲಿ ಸುತ್ತಿ ತಂದಳು. ಅದನ್ನು ಇಡಲು ಬೇರೆ ಜಾಗ ಇರಲಿಲ್ಲ. ಒಂದರ ಮೇಲೊಂದು ಇಟ್ಟ ಎರಡು ಚಕ್ರಗಳ ಮೇಲೆ ಕೂರಿಸಿದರು.

"ನೀವಾದ್ರೂ ಹೋಗು," ಎಂದು ಕಮಲಾಕ್ಷ ಹೆಂಡತಿಗೆ ಹೇಳಿದ. ಗಾಬರಿಯಲ್ಲಿ ಅವನಿಗೆ ಬಹುವಚನ ಏಕವಚನ ಕಲಸಿಹೋಗಿತ್ತು.

"ಹೋಗುದಾದ್ರೆ ಇಬ್ರೂ," ಎಂದಳು ಪುಷ್ಪಾವತಿ. "ನಿಮ್ಮನ್ನು ಈ ಬ್ಯಾಟರಿಯೊಟ್ಟಿಗೆ ಬಿಟ್ಟು ಹೋಗ್ಲಿಕ್ಕೆ ನಂಗೆ ಹುಚ್ಚಾ?"

ಹೀಗೆ ಆ ಕಟ್ಟಡದಲ್ಲಿ ಊರಿನವರೆಂದು ಉಳಿದದ್ದು ಎರಡೇ ಸಂಸಾರ. ಬಾವಾಕುಂಞಿಯೂ ಹೋಗಲಿಲ್ಲ. ಅವನ ಹೆಂಡತಿ ಬೀಪಾತುಮ್ಮನಿಗೆ ಬಸ್ಸು ಹತ್ತಿದರೆ ವಾಂತಿ. ಅಮ್ಮಾನಿಗೆ ಮೂರು ನಾಲ್ಕು ದಿನದ ದಾರಿ ಎಂದು ಕೇಳಿದ್ದೇ ಆಕೆ ಸದ್ದಾಮನ ಸೈನ್ಯವೇ ವಾಸಿ ಎಂದು ನಿಶ್ಚಯಿಸಿದ್ದಳು.

ಡಿಸೆಂಬರಿನಲ್ಲಿ ಕೈಪಿಡಿ ಹೇಳಿದ ನಿಜವಾದ ಚಳಿಗಾಲ ಬಂತು. ಅದರ ಜೊತೆಗೆ ಒಂದು ಮಧ್ಯಾಹ್ನ ಇರಾಕಿ ಅಧಿಕಾರಿಯೊಬ್ಬ ಇಬ್ಬರು ಸೈನಿಕರೊಂದಿಗೆ ಸರ್ದಾಬಿಗೆ ಇಳಿದ. ಕುವೈತಿನ ಕಾರುಗಳನ್ನೆಲ್ಲ ಅವರು ಹುಡುಕಿ ಹುಡುಕಿ ಒಯ್ಯುತ್ತಿದ್ದ ಕಾಲ. ಕಮಲಾಕ್ಷ ಆ ಹೊತ್ತಿಗೆ ದಿನದ ಕ್ರಮದಂತೆ ಬೆಡ್‌ಶೀಟಿನ ಧೂಳು ಕೊಡವುತ್ತಿದ್ದ. ಅಧಿಕಾರಿ ಬಂದೂಕಿನ ತುದಿಯಿಂದ ನವಿಲನ್ನು ಮೇಲೆತ್ತಿದ. ಕೆಳಗೆ ಹಳದಿ ಕಾರು, ಚಕ್ರವಿಲ್ಲದೆ, ಬ್ಲಾಕಿನ ಮೇಲೆ ಕೂತಿತ್ತು.

ಚಕ್ರ ಎಲ್ಲಿ ಎಂದು ಅಧಿಕಾರಿ ಗರ್ಜಿಸಿದ. ಕಾರು ಯಾರದು, ನೀನು ಯಾರು ಎಂದೂ ಕೇಳಿರಬೇಕು. ಕಮಲಾಕ್ಷನಿಗೆ ಗೊತ್ತಾದದ್ದು ನಡುವೆ ಬಂದ ಎರಡು ಬೈಗುಳ ಮಾತ್ರ. ನಾಲ್ಕು ತಿಂಗಳಿಂದ ಹೆಂಡತಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡ ಮಾತು ಬಂದೂಕಿನ ಮುಂದೆ ತಾನಾಗಿ ಹೊರಗೆ ಬಂತು.

"ಅಮಾನತ್," ಎಂದ. ಕಾರನ್ನು ತೋರಿಸಿದ, ತನ್ನ ಎದೆ ತಟ್ಟಿಕೊಂಡ. "ಸಯ್ಯಾರಾ ಅಮಾನತ್. ಅನಾ ಅಮಾನತ್. ಮುದೀರ್ ಬರುವವರೆಗೆ ಕುಲ್ಲು ಅಮಾನತ್!" ಕಾರೂ ಅಮಾನತು, ತಾನೂ ಅಮಾನತು, ಯಜಮಾನರು ಬರುವವರೆಗೆ ಎಲ್ಲವೂ ಅಮಾನತು ಎನ್ನುವಾಗ ಅವನ ಕಣ್ಣಲ್ಲಿ ನಿಜವಾಗಿ ನೀರು ಬಂದಿತ್ತು.

ಅಧಿಕಾರಿ ಬಂದೂಕು ಇಳಿಸಿದ. ಮೀಸೆ ಮುಟ್ಟಿಕೊಂಡು ಈ ಬಡಕಲು ಹಿಂದಿಯನ್ನು, ಅಂದರೆ ಹಿಂದೂಸ್ತಾನದವನನ್ನು, ಅಡಿಯಿಂದ ಮುಡಿಯವರೆಗೆ ನೋಡಿದ. ಯಜಮಾನ ಓಡಿಹೋಗಿದ್ದಾನೆ, ಊರು ಬರಿದಾಗಿದೆ, ಇವನು ಒಪ್ಪಿಸಿದ ಸೊತ್ತನ್ನು ಕಾದುಕೊಂಡು ಅಳುತ್ತ ನಿಂತಿದ್ದಾನೆ. ಒಬ್ಬ ಸೈನಿಕ ಬೆಡ್‌ಶೀಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಅಧಿಕಾರಿ ಅವನಿಗೆ ಬೈದು ಅದನ್ನು ಕಿತ್ತುಕೊಂಡು, ತಾನೇ ಕಾರಿಗೆ ಹೊದಿಸಿ, ನವಿಲಿನ ತಲೆ ನೇರ ಮಾಡಿದ. ಹೋಗುವಾಗ ಸರ್ದಾಬಿನ ಬಲ್ಬು ಮಾತ್ರ ಕಳಚಿಕೊಂಡು ಹೋದರು.

ವಿಚಾರಣೆಗೆ ಬಾಕಿಯಿರುವ ಸೊತ್ತನ್ನು ಮುಟ್ಟಬಾರದೆಂಬ ನಿಯಮ ಇರಾಕಿನಲ್ಲಿಯೂ ಇದೆಯೆಂದು ಕಮಲಾಕ್ಷನಿಗೆ ಅಂದು ತಿಳಿಯಿತು. ದಿನಾಂಕ ಹಾಕಿ ಫೈಲಿನಲ್ಲಿ ಬರೆದಿಟ್ಟ.

ಆಮೇಲೆ ಬಾಂಬುಗಳ ಕಾಲ. ಜನವರಿ, ಫೆಬ್ರವರಿಯಲ್ಲಿ ನಾಲ್ವರೂ ಸರ್ದಾಬಿನಲ್ಲೇ, ಕಾರಿನ ಪಕ್ಕದಲ್ಲಿ ಚಾಪೆ ಹಾಸಿ ಕಾಲ ಕಳೆದರು. ಬೇಳೆ, ಖುಬೂಸ್ ರೊಟ್ಟಿ, ಮತ್ತೆ ಬೇಳೆ. ಸದ್ದು ಜೋರಾದಾಗ ಪುಷ್ಪಾವತಿ ಗಂಡನ ಕೈ ಹಿಡಿಯುತ್ತಿದ್ದಳು, ಗಂಡನ ಇನ್ನೊಂದು ಕೈ ಕಾರಿನ ಬಂಪರಿನ ಮೇಲೆ ಇರುತ್ತಿತ್ತು. ಅವಳಿಗೆ ಹೆದರಿಕೆಯೂ ಇತ್ತು, ಬಂಪರಿನ ಮೇಲೆ ಸಿಟ್ಟೂ ಇತ್ತು. ಫೆಬ್ರವರಿ ಕೊನೆಗೆ ಯುದ್ಧ ಮುಗಿಯಿತು. ಎಣ್ಣೆಬಾವಿಗಳು ಹೊತ್ತಿ ಉರಿದು ಹಗಲಿಗೇ ಕತ್ತಲೆ ಕವಿಯಿತು; ಒಣಹಾಕಿದ ಬಟ್ಟೆ ಸಂಜೆಗೆ ಇದ್ದಿಲಿನ ಬಣ್ಣಕ್ಕೆ ಬರುತ್ತಿತ್ತು.

ಏಪ್ರಿಲಿನಲ್ಲಿ ಯಜಮಾನರು ಸೌದಿಯಿಂದ ಮರಳಿದ್ದಾರೆ, ಗುರುವಾರ ಅಬು ಹಲೀಫಾಕ್ಕೆ ಬರುತ್ತಾರೆ ಎಂದು ಸುದ್ದಿ ಬಂತು. ಗುರುವಾರ ಅಂದರೆ ವಿಚಾರಣೆ. ಕಮಲಾಕ್ಷ ಬುಧವಾರವೇ 'ಚಳಿಗಾಲದ ನಂತರ ಪುನಃ ಚಾಲನೆ' ಎಂಬ ಪುಟ ತೆರೆದು ಬಾವಾಕುಂಞಿಯನ್ನು ಕರೆದ. ಚಕ್ರಗಳು ಕೆಳಗೆ ಹೋದವು; ಮೇರಿಯಮ್ಮ ಹೊಲಿಗೆಯಂತ್ರಕ್ಕೆ ಸ್ಥಳಾಂತರಗೊಂಡಳು. ಬ್ಯಾಟರಿ ಮಣೆಯಿಂದ ಎದ್ದಿತು. ಎಂಟು ತಿಂಗಳು ಕೂತು ಉಂಡ ಬ್ಯಾಟರಿ ಕೆಲಸಕ್ಕೆ ಕರೆದರೆ 'ಟಿಕ್' ಎಂದು ಸುಮ್ಮನಾಯಿತು. ಬಾವಾಕುಂಞಿ ತನ್ನ ಪಿಕಪ್ಪನ್ನು ಸರ್ದಾಬಿಗೆ ಇಳಿಸಿ, ಅದರ ಬ್ಯಾಟರಿಯಿಂದ ವಯರು ಎಳೆದು ಕೊಟ್ಟ. ಅಷ್ಟಕ್ಕೇ ಬುಧವಾರ ಮುಗಿಯಿತು.

ಗುರುವಾರ ಬೆಳಿಗ್ಗೆ ಕಮಲಾಕ್ಷ ಇಸ್ತ್ರಿ ಶರಟು ಹಾಕಿ, ಫೈಲು ತೊಡೆಯ ಮೇಲಿಟ್ಟು, ಜೀವಮಾನದಲ್ಲಿ ಮೊದಲ ಸಲ ಆ ಕಾರಿನ ಸೀಟಿನಲ್ಲಿ ಕೂತ. ಸೀಟು ನುಸಿಗುಳಿಗೆ ವಾಸನೆ ಹೊಡೆಯಿತು.

"ತಿರುಗಿಸಿ," ಎಂದ ಬಾವಾಕುಂಞಿ.

ಕೀ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ, ಹಿಡಿದು, ಉಸಿರು ಕಟ್ಟಿ ನಿಂತಿತು. ಮತ್ತೆ ತಿರುಗಿಸಿದ. ಮತ್ತೆ ಹಿಡಿದು, ಮತ್ತೆ ನಿಂತಿತು.

"ಎಲ್ಲಾ ಸರಿ ಉಂಟು, ಮತ್ತೆ ಇದಕ್ಕೆ ಉಸಿರಾಡ್ಲಿಕ್ಕೆ ಎಂತ ಸಂಕಟ?" ಎಂದು ಬಾವಾಕುಂಞಿ ತಲೆ ಕೆರೆದುಕೊಂಡ. "ಒಮ್ಮೆ ಕಾಲು ಗಟ್ಟಿ ಒತ್ತಿ ತಿರುಗಿಸಿ, ಬಿಡ್ಬೇಡಿ."

ಸೈಲೆನ್ಸರಿನಲ್ಲಿ ಬನಿಯನ್ ಇದ್ದದ್ದು ಇಬ್ಬರಿಗೂ ಮರೆತಿತ್ತು. ಕಮಲಾಕ್ಷ ಕಾಲು ಒತ್ತಿ ಹಿಡಿದ. ಎಂಜಿನ್ ಗುರುಗುಟ್ಟಿತು, ಕಾರು ಇಡೀ ನಡುಗಿತು, ಹಿಂದಿನಿಂದ ಗರ್ನಾ ಪಟಾಕಿ ಸಿಡಿದಂಥ ಸದ್ದಿನೊಂದಿಗೆ ಬನಿಯನ್ ಹೊರಗೆ ಹಾರಿತು. ಅದೇ ಕ್ಷಣಕ್ಕೆ ಅಬು ಮಿಶಾರಿಯವರು, ಬೆಳ್ಳಗಿನ ಹೊಸ ನಿಲುವಂಗಿಯಲ್ಲಿ, ಎರಡೂ ಕೈ ಚಾಚಿಕೊಂಡು ಸರ್ದಾಬಿನ ಇಳಿಜಾರಿನಲ್ಲಿ ಬರುತ್ತಿದ್ದರು. ಬನಿಯನ್ ನೇರ ಅವರ ಎದೆಗೆ ಅಂಟಿತು.

ಯುದ್ಧ ಮತ್ತೆ ಸುರುವಾಯಿತೆಂದು ಅವರು ನೆಲಕ್ಕೆ ಬಿದ್ದರು. ಎದ್ದಾಗ ಕಮಲಾಕ್ಷ ಮುಂದೆ ಫೈಲು ಹಿಡಿದು ಅಟೆನ್ಷನ್‌ನಲ್ಲಿ ನಿಂತಿದ್ದ. ಹಿಂದೆ ಕಾರು ಗಂಭೀರವಾಗಿ ಗುಡುಗುತ್ತಿತ್ತು.

ವಿಚಾರಣೆ ಮೇಲೆ ಮನೆಯಲ್ಲಿ ನಡೆಯಿತು. ಕಮಲಾಕ್ಷ ಮೂರು ಪುಟದ ಸಮಜಾಯಿಷಿಯನ್ನು ಯಜಮಾನರ ಮುಂದಿಟ್ಟ: 'ತಾವು ದಿನಾಂಕ ಐದು, ಎಂಟು, ತೊಂಬತ್ತರಂದು ಮೌಖಿಕವಾಗಿ ಹೊರಡಿಸಿದ ಅಮಾನತು ಆದೇಶಕ್ಕೆ ಸಂಬಂಧಿಸಿ...' ಇಂಗ್ಲಿಷಿನಲ್ಲಿತ್ತು. ಯಜಮಾನರಿಗೆ ಇಂಗ್ಲಿಷ್ ಬಾರದು. ಬಾವಾಕುಂಞಿ ಓದಿ ಅರಬ್ಬಿಯಲ್ಲಿ ಹೇಳಲು ಕೂತ. ಮೊದಲ ಸಾಲಿಗೇ ನಿಂತ.

"ಕಮಲಾಕ್ಷಣ್ಣ, ಇಲ್ಲಿ ಸಸ್ಪೆನ್ಷನ್ ಅಂತ ಬರೆದಿದ್ದೀರಿ. ಕಾರಿನ ಸಸ್ಪೆನ್ಷನ್ ಸರಿ ಉಂಟಲ್ಲ?"

"ಕಾರಿನದ್ದಲ್ಲ. ನಂದು. ಇವ್ರು ನನ್ನನ್ನು ಅಮಾನತು ಮಾಡಿದ್ದಲ್ಲವಾ, ಗೀರು ಹಾಕಿದ್ದಕ್ಕೆ. ನಿಮ್ಗೆ ಗೊತ್ತುಂಟಲ್ಲ. ಇಡೀ ಫಹಾಹೀಲಿಗೆ ಗೊತ್ತುಂಟಂತಲ್ಲ."

ಬಾವಾಕುಂಞಿ ಕಾಗದ ಕೆಳಗಿಟ್ಟ. "ಅಮಾನತ್ತು ಅಂದ್ರೆ ಎಂತ ಅಂತ ಮಾಡಿದ್ರಿ ನೀವು?" ಎಂದು ಮೆಲ್ಲಗೆ ಕೇಳಿದ. ಕಮಲಾಕ್ಷ ಹೇಳಿದ. ಬಾವಾಕುಂಞಿ ಅದರ ಅರ್ಥ ಏನೆಂದು ಅವನಿಗೆ ಹೇಳಿದ. ಆಮೇಲೆ ಯಜಮಾನರ ಕಡೆ ತಿರುಗಿ, ಈ ಮನುಷ್ಯ ಎಂಟು ತಿಂಗಳು ಏನೆಂದುಕೊಂಡು ಇಲ್ಲಿ ಕೂತಿದ್ದ ಎಂಬುದನ್ನು ಅರಬ್ಬಿಯಲ್ಲಿ ವಿವರಿಸಿದ. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಅರಬ್ಬಿಯಲ್ಲಿ ಕೇಂದ್ರಸ್ಥಾನಕ್ಕೆ ಶಬ್ದ ಸಿಗಲಿಲ್ಲ.

ಯಜಮಾನರು ಗೀರು ಎಲ್ಲಿ ಎಂದು ಕೇಳಿದರು. ಎಲ್ಲರೂ ಪುನಃ ಸರ್ದಾಬಿಗೆ ಇಳಿದರು. ಅವರು ಬಾಗಿಲಿಗೆ ಮೂಗು ತಾಗಿಸಿ ಹುಡುಕಿದರು, ಸಿಗಲಿಲ್ಲ. ಕೊನೆಗೆ ಆರೋಪಿಯೇ ಬೆರಳಿಟ್ಟು ತೋರಿಸಬೇಕಾಯಿತು. ಆ ಕಿರುಬೆರಳಷ್ಟು ಗೀರನ್ನು ನೋಡಿ ಅವರು ನಗತೊಡಗಿದರು. ನಗುತ್ತ ನಗುತ್ತ ಬಂಪರಿನ ಮೇಲೆ ಕೂತರು. "ಬೈತ್ ಖಲಾಸ್, ದುಕಾನ್ ಖಲಾಸ್," ಎಂದರು. ಅವರ ಮನೆಗೆ ಮಾಡು ಉಳಿದಿರಲಿಲ್ಲ, ರಾಯ್‌ನ ಅಂಗಡಿ ಸುಟ್ಟು ಬೂದಿಯಾಗಿತ್ತು. ಬಿಟ್ಟು ಹೋದಲ್ಲಿ ಬಿಟ್ಟ ಹಾಗೆ ಉಳಿದದ್ದು ಇದೊಂದೇ. ನಗು ಯಾವಾಗ ಅಳುವಾಯಿತೋ ಯಾರಿಗೂ ಗೊತ್ತಾಗಲಿಲ್ಲ. ಕಮಲಾಕ್ಷನಿಗೆ ಯಜಮಾನರ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಏನು ಮಾಡುವುದೆಂದು ತಿಳಿಯದೆ ಅವರ ಎದೆಯ ಎಣ್ಣೆಕಲೆಯನ್ನು ಕರವಸ್ತ್ರದಿಂದ ಉಜ್ಜಿ ಇನ್ನಷ್ಟು ದೊಡ್ಡದು ಮಾಡಿದ.

"ವಲ್ಲಾಹಿ, ಇನ್ತಾ ಅಮೀನ್," ಎಂದು ದೇವರಾಣೆ ಹಾಕಿ ಅವರು ಅವನನ್ನು ಅಪ್ಪಿಕೊಂಡರು.

"ಸುವರ್ಣ, ಸಾರ್," ಎಂದ ಕಮಲಾಕ್ಷ.

ಆದರೆ ಫೈಲು ಮುಗಿಯಬೇಕಲ್ಲ. ಎಲ್ಲರೂ ಮತ್ತೆ ಮೇಲೆ ಮನೆಗೆ ಬಂದರು. ಅಮಾನತೇ ಆಗಿರಲಿಲ್ಲ ಎಂದಮೇಲೆ ರದ್ದು ಮಾಡುವುದು ಹೇಗೆಂದು ಬಾವಾಕುಂಞಿ ವಾದಿಸಿದ. ಕಮಲಾಕ್ಷ ಒಪ್ಪಲಿಲ್ಲ. ತಾನು ಅನುಭವಿಸಿದ್ದಂತೂ ನಿಜ, ದಾಖಲೆಯಲ್ಲಿ ಬರಬೇಕು ಎಂದು ಪಟ್ಟು ಹಿಡಿದ. ಕೊನೆಗೆ ಅವನು ಮೊದಲೇ ಟೈಪು ಮಾಡಿಟ್ಟಿದ್ದ ಆದೇಶಕ್ಕೆ ಯಜಮಾನರು ಸಹಿ ಹಾಕಿದರು. ಸದರಿ ನೌಕರ ನಿರ್ದೋಷಿ. ಅಮಾನತಿನ ಅವಧಿಯನ್ನು ಸಂಪೂರ್ಣವಾಗಿ ಕರ್ತವ್ಯದ ಅವಧಿಯೆಂದು ಪರಿಗಣಿಸತಕ್ಕದ್ದು. ಕಮಲಾಕ್ಷ ಅದನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ. ಹದಿನೇಳು ವರ್ಷ ಈಗ ಹದಿನೆಂಟಾಗಿತ್ತು, ಕಪ್ಪು ಚುಕ್ಕೆ ಇಲ್ಲದೆ.

ಯಜಮಾನರೂ ಬಾವಾಕುಂಞಿಯೂ ಹೋದ ಮೇಲೆ ಅವನು ಮನೆಯೊಳಗೆ ತಿರುಗಿದ. ಪುಷ್ಪಾವತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಇದಕ್ಕಾ ನಾವು ಉಳಿದದ್ದು?" ಎಂದು ಕೇಳಿದಳು.

ಕಮಲಾಕ್ಷ ಒಳಜೇಬು ಮುಟ್ಟಿಕೊಂಡ.

"ನನ್ನತ್ರ ಒಂದು ಮಾತು ಹೇಳಿದ್ರೆ ನಾನು ಮೇಲೆ ಹೋಗಿ ಬೀಪಾತುಮ್ಮನ ಹತ್ರ ಅರ್ಧ ನಿಮಿಷದಲ್ಲಿ ಕೇಳಿ ಬರ್ತಿದ್ದೆ. ಅರ್ಧ ನಿಮಿಷ! ಅದರ ಬದ್ಲಿಗೆ ಎಂಟು ತಿಂಗಳು ಬಾಂಬಿನ ಅಡಿಯಲ್ಲಿ ಬೇಳೆ ಬೇಯಿಸಿದೆ. ನಾನು ಸತ್ತುಹೋಗ್ತಿದ್ರೆ ಅದನ್ನು ಯಾವ ಅವಧಿ ಅಂತ ಬರಿತಿದ್ರಿ?"

ಇದಕ್ಕೆ ನಿಯಮಾವಳಿಯಲ್ಲಿ ಉತ್ತರ ಇರಲಿಲ್ಲ. ಹೆಂಡತಿಯ ಕೈಯಲ್ಲಿ ಹೊಗೆಮಸಿ ಕೂತ ಗೆರೆಗಳನ್ನು ಅವನು ಅವತ್ತೇ ಸರಿಯಾಗಿ ನೋಡಿದ್ದು. ತಪ್ಪಾಯಿತು ಎಂದು ಹೇಳಬೇಕೆಂದಿದ್ದ, ಅಷ್ಟರಲ್ಲಿ ಅವಳೇ ಮಾತಾಡಿದಳು.

"ಕೇಳಿ. ಇವತ್ತಿಂದ ನಿಮ್ಮನ್ನು ನಾನು ಅಮಾನತು ಮಾಡಿದ್ದೇನೆ."

ಈ ಸಲ ತಪ್ಪಬಾರದೆಂದು ಅವನಿಗೆ ಅನಿಸಿತು.

"ಕನ್ನಡದ್ದಾ, ಅರಬ್ಬಿದ್ದಾ?" ಎಂದು ಕೇಳಿದ.

"ಎರಡೂ," ಎಂದು ಹೇಳಿ ಪುಷ್ಪಾವತಿ ಚಹಾಕ್ಕೆ ನೀರಿಡಲು ಒಳಗೆ ಹೋದಳು.